ಕಾಮಕಸ್ತೂರಿ ಪಾನಕ

ಅಪ್ಪನ ಕರುಳಿನ ಪರೀಕ್ಷೆಯ ಬಗ್ಗೆ ಆಸ್ಪತ್ರೆಯವರು ಕಳಿಸಿದ ಹಾಳೆಯನ್ನು ಅತ್ತೆಗೆ ಕನ್ನಡದಲ್ಲಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಜುಲೈ ತಿಂಗಳ ಒಂದು ಭಾನುವಾರ, ದೋಸೆ ಮುಗಿದು ಎರಡನೇ ಕಾಫಿ ಇಳಿಯುತ್ತಿದ್ದ ಹೊತ್ತು. ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದರು. ತಂಗಿ ಚೈತನ್ಯಾ ಜ್ಯಾಮ್ ಹಚ್ಚಿದ ದೋಸೆಯನ್ನು ಸುರುಳಿ ಸುತ್ತಿ ತಿನ್ನುತ್ತಿದ್ದಳು.

"ಪರೀಕ್ಷೆಯ ಹಿಂದಿನ ದಿನ ಗಟ್ಟಿಯಾದದ್ದು ಏನೂ ತಿನ್ನಬಾರದಂತೆ ಅತ್ತೆ. ತಿಳಿಯಾದ ದ್ರವ ಮಾತ್ರ," ಎಂದೆ.

"ಏಕಾದಶಿ ಅನ್ನು. ಮುಂದಕ್ಕೆ ಓದು."

"ಏನೇನು ಕುಡಿಯಬಹುದು ಅಂತ ಪಟ್ಟಿ ಇದೆ. ಕೋಳಿ ಬೇಯಿಸಿದ ನೀರು..."

"ಏನಂದೆ?"

"ದನದ ಮಾಂಸ ಬೇಯಿಸಿದ ನೀರು..."

"ನಿಲ್ಲಿಸೇ ಮಧುರಾ!" ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಬೆಳಿಗ್ಗೆ ಬೆಳಿಗ್ಗೆ ಏನು ಕೇಳಿಸ್ತಿದೀಯೇ ನೀನು?"

"ಜೆಲ್ಲೋ ಇದೆ ಅತ್ತೆ," ಎಂದಳು ಚೈತನ್ಯಾ. "ಲೈಮ್ ಜೆಲ್ಲೋ. ಸ್ವೀಟ್ ಜೆಲ್ಲಿ ಥರ. ಇಟ್ಸ್ ಗುಡ್."

"ಅದನ್ನ ಯಾವುದರಲ್ಲಿ ಮಾಡ್ತಾರೆ?"

"ಉಮ್... ಬೋನ್ಸ್."

ಅತ್ತೆ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಇಂಗಿನ ಡಬ್ಬಿಯ ಕೆಳಗೆ ಇಟ್ಟರು. "ಇದರಲ್ಲಿ ನಮ್ಮ ಜನ ಬಾಯಿಗಿಡೋಂಥದ್ದು ಒಂದೂ ಇಲ್ಲ. ನಲವತ್ತು ವರ್ಷದಿಂದ ತಿಂಗಳಿಗೆ ಎರಡು ಉಪವಾಸ ಮಾಡಿದೀನಿ. ಶೇಷೂನ ಒಂದು ದಿನ ಉಪವಾಸ ಇಡೋದು ಹೇಗೆ ಅಂತ ಇವರ ಹತ್ತಿರ ಕಲೀಬೇಕಾ?"

ಕೋಳಿ ನೀರಿನ ಕೆಳಗೆ ಸೇಬಿನ ರಸ, ಹಾಲು ಹಾಕದ ಟೀ ಎಲ್ಲ ಇದ್ದವು. ಕೊನೆಯಲ್ಲಿ, ಒಂದು ವಾರ ಮುಂಚಿನಿಂದಲೇ ಬೀಜವಿರುವ ಪದಾರ್ಥ ತಿನ್ನಬೇಡಿ ಎಂಬ ಸಾಲೂ ಇತ್ತು. ನಾನು ಅಲ್ಲಿಯವರೆಗೆ ಓದಲಿಲ್ಲ. ಅಮ್ಮ ಮಹಡಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಅಪ್ಪ ಪೇಪರ್ ತಿರುವಿದರು, ಅಷ್ಟೇ.

ಅಪ್ಪ ಶೇಷಾದ್ರಿ ಒಂದು ಔಷಧ ಸಂಶೋಧನೆಯ ಕಂಪನಿಯಲ್ಲಿ ಅಂಕಿಅಂಶ ನೋಡುವ ಕೆಲಸದಲ್ಲಿದ್ದರು. ನಾಲ್ಕು ವರ್ಷದ ಹಿಂದೆ, ತೊಂಬತ್ತಮೂರರಲ್ಲಿ, ನಾವು ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಿದ್ದಾಗ ಅವರ ದೊಡ್ಡ ಕರುಳಿನಲ್ಲಿ ಒಂದು ಪಾಲಿಪ್, ಒಳಗೋಡೆಯ ಮೇಲೆ ಬೆಳೆಯುವ ಸಣ್ಣ ಗಂಟು, ಸಿಕ್ಕಿತ್ತು. ಬಲಗಡೆ, ಕಡಲೆಕಾಯಿ ಬೀಜಕ್ಕಿಂತ ದೊಡ್ಡದು. ಅದು ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟಿದ್ದರೆ ಮುಂದೆ ಆಗಬಹುದಿತ್ತು ಎಂದು ಅಲ್ಲಿನ ಡಾಕ್ಟರು ತೆಗೆದುಹಾಕಿದ್ದರು. ಒಮ್ಮೆ ಬಂದ ಕರುಳಿನಲ್ಲಿ ಇನ್ನೊಂದು ಬರುವ ಸಂಭವ ಹೆಚ್ಚು, ಮೂರು ವರ್ಷಕ್ಕೆ ತಪ್ಪದೆ ಮತ್ತೆ ಕೊಳವೆ ಕ್ಯಾಮೆರಾ ಹಾಕಿಸಿ ನೋಡಿಸಿ ಎಂದು ಬರೆದು ಕೊಟ್ಟಿದ್ದರು. ಮೂರನೇ ವರ್ಷ ನಾವು ಈಗಿನ ಊರು ಡರ್ಹಮ್‌ಗೆ ಬಂದೆವು. ಮನೆ, ಹೊಸ ಕೆಲಸ, ಚೈತನ್ಯಾಳ ಸ್ಕೂಲು ಎಂದು ವರ್ಷ ಕಳೆಯಿತು. ಕೊನೆಗೆ ಅಮ್ಮನೇ ಫೋನ್ ಮಾಡಿ ದಿನ ಗೊತ್ತು ಮಾಡಿದ್ದಳು.

ಕಾತ್ಯಾಯಿನಿ ಅತ್ತೆ ಅಪ್ಪನ ಅಕ್ಕ, ಒಬ್ಬರೇ ಒಡಹುಟ್ಟಿದವರು. ಅರವತ್ತಮೂರು ವರ್ಷ. ಮೇ ತಿಂಗಳಲ್ಲಿ ಮೈಸೂರಿನಿಂದ ಬಂದವರು ಬಂದ ಮೂರನೇ ದಿನಕ್ಕೇ ಅಡುಗೆಮನೆ ವಹಿಸಿಕೊಂಡರು. ಬ್ಯಾಂಕಿನ ಚೆಕ್ ವಿಭಾಗದಲ್ಲಿ ದುಡಿದು ಸಂಜೆ ಆರಕ್ಕೆ ಮನೆಗೆ ಬರುವ ಅಮ್ಮನಿಗೆ ಮೊದಮೊದಲು ಅದು ಹಬ್ಬದಂತಿತ್ತು. ನಾನು ಆ ಬೇಸಿಗೆಗೆ ಡಿಗ್ರಿ ಮುಗಿಸಿ, ವಾರಕ್ಕೆ ಮೂರು ದಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತ ಮನೆಯಲ್ಲಿದ್ದೆ.

ಪರೀಕ್ಷೆಯ ಹಿಂದಿನ ದಿನ ಅಪ್ಪ ರಜೆ ಹಾಕಿದರು. ಔಷಧದಂಗಡಿಯಿಂದ ತಂದ ಒಂದು ಗ್ಯಾಲನ್ ಕ್ಯಾನಿನಲ್ಲಿ ಪುಡಿಗೆ ನೀರು ಬೆರೆಸಿಟ್ಟಿದ್ದರು. ಹತ್ತು ನಿಮಿಷಕ್ಕೊಂದು ಲೋಟದಂತೆ ಅಷ್ಟನ್ನೂ ಕುಡಿದು ಹೊಟ್ಟೆ ಖಾಲಿ ಮಾಡಿಕೊಳ್ಳಬೇಕು. ಎರಡನೇ ಲೋಟಕ್ಕೇ ಅಪ್ಪನ ಮುಖ ಹುಳಿಯಾಯಿತು.

"ಏನೋ ಅದು, ಸಮುದ್ರದ ನೀರಾ?" ಅತ್ತೆ ಬೆರಳದ್ದಿ ನಾಲಿಗೆಗಿಟ್ಟು ನೋಡಿದರು. "ರಾಮ ರಾಮ! ಇಷ್ಟು ಉಪ್ಪು ಒಳಗೆ ಹೋದರೆ ಕರುಳು ಬೆಂದುಹೋಗಲ್ವಾ? ತಡಿ."

ತಮ್ಮ ಪೆಟ್ಟಿಗೆಯಿಂದ ಒಂದು ಸಣ್ಣ ಬಟ್ಟೆ ಚೀಲ ತಂದರು. ಅದರಲ್ಲಿ ಎಳ್ಳಿಗಿಂತ ಸಣ್ಣ ಕರಿ ಬೀಜ, ಕಾಮಕಸ್ತೂರಿ. ಎರಡು ಚಮಚ ಬೀಜವನ್ನು ನೀರಿಗೆ ಹಾಕಿದರು. ಹತ್ತು ನಿಮಿಷದಲ್ಲಿ ಉಬ್ಬಿ, ಒಂದೊಂದು ಬೀಜದ ಸುತ್ತಲೂ ಬಿಳಿ ಲೋಳೆ ಕಟ್ಟಿತು. ನಿಂಬೆರಸ, ಸಕ್ಕರೆ, ಏಲಕ್ಕಿ ಬೆರೆಸಿ ಪಾನಕ ಮಾಡಿದರು.

"ಇದು ತಿನ್ನೋದಲ್ಲ, ಕುಡಿಯೋದು. ಒಂದು ಲೋಟ ಅವರ ಉಪ್ಪುನೀರು ಕುಡಿ, ಮೇಲೆ ಎರಡು ಗುಟುಕು ಇದು. ತಂಪಾಗುತ್ತೆ."

ಅಪ್ಪ ಚಮಚದಲ್ಲಿ ಬೀಜ ಎತ್ತಿ ನೋಡಿದರು. "ಅಮ್ಮ ಬೇಸಿಗೆಲಿ ಮಾಡ್ತಿದ್ದಳಲ್ಲಾ ಅಕ್ಕ. ಎಷ್ಟು ವರ್ಷ ಆಯ್ತು ಕುಡಿದು."

"ನಿಂಗೆ ಒಂದು ಲೋಟ ಜಾಸ್ತಿ ಬೇಕು ಅಂತ ನನ್ನದನ್ನೂ ಕಸ್ಕೋತಿದ್ದೆ."

ಅಕ್ಕ ತಮ್ಮ ನಗುತ್ತ ಸಂಜೆಯವರೆಗೆ ಒಂದು ಜಗ್ ಪಾನಕ ಮುಗಿಸಿದರು. ನಾನು ಎದುರಿಗೇ ಇದ್ದೆ. ಕುಡಿಯುವುದು ತಾನೆ ಎಂದು ನನಗೂ ಅನಿಸಿತ್ತು. ಅಮ್ಮ ಬರುವ ಹೊತ್ತಿಗೆ ಅತ್ತೆ ಜಗ್ ತೊಳೆದಿಟ್ಟಾಗಿತ್ತು.

ಮರುದಿನ ಅಮ್ಮ ಅರ್ಧ ದಿನ ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ಮುಕ್ಕಾಲು ಗಂಟೆಯ ನಂತರ ಡಾಕ್ಟರ್ ವಿಟೇಕರ್ ಕೈಯಲ್ಲಿ ಫೋಟೋ ಹಿಡಿದು ಹೊರಗೆ ಬಂದರು. ಎತ್ತರದ, ನಿಧಾನ ಮಾತಿನ ಮನುಷ್ಯ. ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಇಂಥದ್ದನ್ನು ಮಾತ್ರ ನೋಡಿರಲಿಲ್ಲ, ನಿನ್ನೆ ಏನು ತಿಂದರು ಎಂದು ಕೇಳಿದರು.

ಫೋಟೋದಲ್ಲಿ ಗುಲಾಬಿ ಬಣ್ಣದ ಗೋಡೆಯ ಮೇಲೆ ನೂರಾರು ಕರಿ ಚುಕ್ಕೆ, ಪ್ರತಿಯೊಂದಕ್ಕೂ ಬಿಳಿ ಉಂಗುರ. ಕಪ್ಪೆ ಮೊಟ್ಟೆಯ ಹಾಗೆ. ಅಮ್ಮ ನೋಡಿದವಳೇ ಕಣ್ಣು ಮುಚ್ಚಿಕೊಂಡಳು. ನಂತರ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

ಒಳಗಿನದನ್ನು ಹೀರಿ ತೆಗೆಯುವ ಕೊಳವೆ ಎರಡು ಸಲ ಕಟ್ಟಿಕೊಂಡಿತಂತೆ. ಎಡಗಡೆ ಕಂಡಷ್ಟು ಚೆನ್ನಾಗಿದೆ. ಆದರೆ ಹಿಂದೆ ಪಾಲಿಪ್ ಇದ್ದ ಬಲಗಡೆಗೆ ಹೋಗಲು ಆಗಲೇ ಇಲ್ಲ. ಮುಖ್ಯವಾಗಿ ನೋಡಬೇಕಾದ ಜಾಗವೇ ಅದು, ಆರು ವಾರದೊಳಗೆ ಇನ್ನೊಮ್ಮೆ ಬರಬೇಕು ಎಂದು ಡಾಕ್ಟರು ಹೇಳಿದರು.

ಕಾರಿನಲ್ಲಿ ಅಪ್ಪನಿಗೆ ಇನ್ನೂ ಅರ್ಧ ಮಂಪರು. ಅಮ್ಮ ಕಾರನ್ನು ಹೈವೇ ಹತ್ತಿಸಿದಳು. ಅಪ್ಪ ಕಣ್ಣು ಮುಚ್ಚಿಕೊಂಡು ಹೇಳಿದರು: "ರಾಜೀ, ಅಕ್ಕನಿಗೆ ಹೇಳಬೇಡ. ನೊಂದ್ಕೋತಾಳೆ."

"ನೀವು ನೊಂದ್ಕೊಳ್ಳಿ, ನಾನು ನೊಂದ್ಕೋತೀನಿ. ಅವರು ಮಾತ್ರ ಆರಾಮಾಗಿರಲಿ."

"ಆರು ತಿಂಗಳಿಗೆ ಅಂತ ಬಂದಿದಾಳೆ ಪಾಪ. ಬೇಕು ಅಂತ ಮಾಡಿದ್ದಾ?"

ಮನೆಗೆ ಬಂದಾಗ ಅತ್ತೆ ಮೆತ್ತಗೆ ಅನ್ನ ಮಾಡಿ, ಮೆಣಸಿನ ಸಾರು ಇಟ್ಟು ಬಾಗಿಲಲ್ಲೇ ಕಾಯುತ್ತಿದ್ದರು.

"ಏನಂದ್ರೋ?"

"ಎಲ್ಲ ಚೆನ್ನಾಗಿದೆಯಂತೆ ಅಕ್ಕ."

"ನಾನು ಹೇಳಲಿಲ್ವಾ! ಗಂಟು ತೆಗೆದಾಯ್ತು, ಇನ್ನೇನಿರುತ್ತೆ? ಬಾ, ಕೂತ್ಕೋ, ತುಪ್ಪ ಜಾಸ್ತಿ ಹಾಕ್ತೀನಿ."

ಅಮ್ಮ ಊಟ ಮಾಡದೆ ಬ್ಯಾಂಕಿಗೆ ಹೊರಟುಹೋದಳು.

ಮರುವಾರ ಅಮ್ಮ ಫೋನ್ ಮಾಡಿ ಆಗಸ್ಟ್ ಹನ್ನೆರಡಕ್ಕೆ ದಿನ ಗೊತ್ತು ಮಾಡಿ ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಬರೆದಿಟ್ಟಳು. ಹತ್ತನೇ ತಾರೀಖು ಸಂಜೆ ಆನ್ಸರಿಂಗ್ ಮಷೀನಿನಲ್ಲಿ ಆಸ್ಪತ್ರೆಯ ಹುಡುಗಿಯ ದನಿ ಇತ್ತು. ಮಿಸ್ಟರ್ ಶೇಷಾದ್ರಿ ಕ್ಯಾನ್ಸಲ್ ಮಾಡಿದ್ದಾರೆ, ಹೊಸ ದಿನ ಬೇಕಾದಾಗ ಫೋನ್ ಮಾಡಿ ಎಂದು ನಯವಾಗಿ ಹೇಳಿದಳು. ಅಮ್ಮ ಪರ್ಸು ಇನ್ನೂ ಭುಜದ ಮೇಲಿದ್ದಂತೆಯೇ ಅದನ್ನು ಎರಡು ಸಲ ಕೇಳಿದಳು.

"ಯಾವಾಗ ಕ್ಯಾನ್ಸಲ್ ಮಾಡಿದ್ರಿ?"

"ಶುಕ್ರವಾರ," ಎಂದರು ಅಪ್ಪ. "ಆಫೀಸಿನಲ್ಲಿ ರಿಪೋರ್ಟ್ ಇದೆ. ಅಲ್ಲದೆ ಅಕ್ಕ ಇರೋವಾಗ ಮತ್ತೆ ಯಾಕೆ ಅಂತ ಕೇಳ್ತಾಳೆ. ಏನು ಹೇಳೋದು? ಅಕ್ಟೋಬರಿನಲ್ಲಿ ಹೋಗ್ತಾಳಲ್ಲ. ಆಮೇಲೆ ಮಾಡಿಸ್ತೀನಿ."

"ಆಮೇಲೆ. ನಾಲ್ಕು ವರ್ಷದಿಂದ ಅದೇ ಆಮೇಲೆ."

"ನಾಲ್ಕು ವರ್ಷ ಏನಾದ್ರೂ ಆಯ್ತಾ? ನೋಡಿದಷ್ಟು ಚೆನ್ನಾಗಿದೆ ಅಂತ ಅವರೇ ಅಂದ್ರು."

"ನೋಡದೇ ಇದ್ದಷ್ಟು?"

"ರಾಜೀ, ಆ ಗ್ಯಾಲನ್ ನೀರು ನೀನು ಕುಡಿದು ನೋಡು. ಆಮೇಲೆ ಮಾತಾಡು."

"ಕೊಡಿ, ಕುಡೀತೀನಿ. ನಿಮ್ಮ ಬದಲು ನನ್ನ ಹೊಟ್ಟೆ ನೋಡಿದ್ರೆ ಆಗುತ್ತಾ ಕೇಳಿ."

ಅತ್ತೆ ಮೇಲಿನಿಂದ ಇಳಿದು ಬಂದರು. ಅಮ್ಮ ಮಾತು ತುಂಡರಿಸಿ ಪರ್ಸು ಇಳಿಸಿಟ್ಟಳು. ಅಪ್ಪನ ಲೆಕ್ಕದ ಬುದ್ಧಿ ನನಗೆ ಗೊತ್ತಿತ್ತು. ನೂರರಲ್ಲಿ ಎಷ್ಟು ಜನಕ್ಕೆ ಏನಾಗುತ್ತದೆ ಎಂದು ದಿನವಿಡೀ ಕೂಡಿ ಕಳೆಯುವವರು. ತಮ್ಮ ವಿಷಯದಲ್ಲಿ ಮಾತ್ರ ಆ ಲೆಕ್ಕ ತೆರೆಯುತ್ತಿರಲಿಲ್ಲ.

ಹೇಳಲಾಗದ ಮಾತು ಅಡುಗೆಮನೆಯಲ್ಲಿ ಬೇರೆ ದಾರಿ ಹುಡುಕಿಕೊಂಡಿತು. ಅಮ್ಮ ಸಂಜೆ ಬಂದು ಪಾತ್ರೆಗಳ ಮುಚ್ಚಳ ತೆಗೆದು ನೋಡತೊಡಗಿದಳು.

"ಅಕ್ಕ, ಈ ಪಾತ್ರೆ ಡಿಶ್‌ವಾಷರಿನಲ್ಲಿ ಹಾಕಬಾರದು ಅಂತ ಹೇಳಿದ್ದೆ."

"ಹಾಕಿಲ್ಲಮ್ಮ, ಕೈಯಲ್ಲೇ ತೊಳೆದಿದೀನಿ."

"ಮತ್ತೆ ಯಾಕೆ ಹೀಗೆ ಗೀರಿದೆ?"

"ಗೀರಿದ್ರೆ ಏನು, ಸಾರು ಸೋರುತ್ತಾ?"

ಮತ್ತೊಂದು ದಿನ: "ಕೊತ್ತಂಬರಿ ಬೀಜ, ಎಳ್ಳು, ಗಸಗಸೆ, ಎಲ್ಲದಕ್ಕೂ ಎಲ್ಲ ಹಾಕಲೇಬೇಕಾ ಅಕ್ಕ?"

"ಹಾಕದೆ ಹುಳಿ ಹೇಗೇ ಆಗುತ್ತೆ ರಾಜೀ? ಇಷ್ಟು ವರ್ಷದಿಂದ ಏನು ಬೇಯಿಸಿ ಹಾಕ್ತಿದ್ದೆ ನನ್ನ ತಮ್ಮನಿಗೆ?"

"ನಿಮ್ಮ ತಮ್ಮ ಇನ್ನೂ ಓಡಾಡ್ಕೊಂಡಿದಾರಲ್ಲ, ಏನೋ ಹಾಕಿರಬೇಕು."

ಅತ್ತೆ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಏನಾಗಿದೆಯೇ ನಿಮ್ಮಮ್ಮನಿಗೆ? ಆಫೀಸಿನಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಗೊತ್ತಿಲ್ಲ ಅತ್ತೆ," ಎಂದೆ. ಅದು ಸುಳ್ಳು.

ಇಂಥ ಮನೆಯಲ್ಲಿ ಯಾವ ಮಾತು ಯಾರಿಗೆ ಹೇಳಬಾರದು ಎಂಬ ಪಟ್ಟಿ ಚೈತನ್ಯಾಳಿಗೆ ಎಂದೂ ಬಾಯಿಪಾಠ ಬಂದಿರಲಿಲ್ಲ. ಅವಳು ಹುಟ್ಟಿದ್ದೇ ಇಲ್ಲಿ. ಹದಿನಾರು ವರ್ಷ. ಅಪ್ಪನಿಗೂ ಅತ್ತೆಗೂ ನೀನು ಎಂದೇ ಅನ್ನುತ್ತಿದ್ದಳು. ಆಗಸ್ಟ್ ಕೊನೆಯ ಶನಿವಾರ ಹೊರಗೆ ಹಬೆಯಂಥ ಸೆಕೆ. ಹುಲ್ಲು ಕತ್ತರಿಸಿ ಬೆವೆತು ಒಳಗೆ ಬಂದ ಅಪ್ಪನಿಗೆ ಅತ್ತೆ ಪಾನಕ ತಂದರು. ಲೋಟದ ತಳದಲ್ಲಿ ಕಾಮಕಸ್ತೂರಿ.

"ಓ ಮೈ ಗಾಡ್ ಅತ್ತೆ, ನಾಟ್ ಅಗೇನ್!" ಎಂದಳು ಚೈತನ್ಯಾ.

"ಏನೇ ಅದು?"

"ಆ ಬೀಜ. ಅದು ಡಾಕ್ಟರ್ ಕ್ಯಾಮೆರಾದಲ್ಲಿ ಬಂತು. ಪೈಪ್ ಕ್ಲಾಗ್ ಆಯ್ತು. ಅದಕ್ಕೇ ಅಪ್ಪ ಮತ್ತೆ ಹೋಗಬೇಕು, ಆದ್ರೆ ಹೋಗಲ್ಲ, ಬಿಕಾಸ್ ನಿಂಗೆ ಹೇಳಬಾರ್ದು."

"ಚೈತನ್ಯಾ!" ಅಪ್ಪ ಗದರಿದರು.

"ವಾಟ್? ಎವ್ರಿಬಡಿ ನೋಸ್. ಅತ್ತೆಗೆ ಮಾತ್ರ ಗೊತ್ತಿಲ್ಲ."

ಅತ್ತೆ ಲೋಟ ಹಿಡಿದೇ ನಿಂತಿದ್ದರು. "ಶೇಷೂ, ಏನು ಹೇಳ್ತಿದಾಳೆ ಇವಳು?"

ಅಪ್ಪ ಮುಖ ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ ಇದ್ದರು. ಕೊನೆಗೆ ಅಮ್ಮನೇ ಹೇಳಿದಳು. ಫೋಟೋವನ್ನೂ ಡ್ರಾಯರಿನಿಂದ ತಂದು ಮೇಜಿನ ಮೇಲಿಟ್ಟಳು. ಕೋಪವಿಲ್ಲದೆ ಹೇಳಿದಳು, ಅದೇ ಹೆಚ್ಚು ಕಷ್ಟವಾಗಿತ್ತು. ಹಳೆಯ ಪಾಲಿಪ್ ಎಂಥದ್ದು, ಬಿಟ್ಟಿದ್ದರೆ ಏನಾಗುತ್ತಿತ್ತು, ಈಗ ಆ ಜಾಗ ಇನ್ನೂ ನೋಡಿಲ್ಲ ಎಂಬುದು ಎಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದರು.

"ಒಂದೂವರೆ ತಿಂಗಳಿಂದ ನೀವೆಲ್ಲ ನನ್ನ ಕೈ ಊಟ ಮಾಡ್ಕೊಂಡು, ಇದನ್ನ ಮನಸ್ಸಲ್ಲಿಟ್ಕೊಂಡು ಕೂತಿದ್ರಾ?" ಎಂದರು. ಪಾನಕವನ್ನು ಸಿಂಕಿಗೆ ಸುರಿದು ಮೇಲೆ ಹೋದರು.

ಮೂರು ದಿನ ಅವರು ಅಡುಗೆಮನೆಗೆ ಕಾಲಿಡಲಿಲ್ಲ. ಕರೆದರೆ ಬಂದು ಎರಡು ತುತ್ತು ಮೊಸರನ್ನ ತಿಂದು ತಟ್ಟೆ ತೊಳೆದು ಹೋಗುತ್ತಿದ್ದರು. ಒಂದು ರಾತ್ರಿ ಊಟಕ್ಕೆ ಫ್ರೀಜರಿನ ಪಿಜ್ಜಾ, ಇನ್ನೊಂದು ರಾತ್ರಿ ಅಮ್ಮ ಅವಸರದಲ್ಲಿ ಮಾಡಿದ ಗಂಟುಗಂಟು ಉಪ್ಪಿಟ್ಟು. ಅಪ್ಪ ಅಮ್ಮನನ್ನು ದೂರಿದರು, ಅಮ್ಮ ಅಪ್ಪನನ್ನು. ಇಬ್ಬರೂ ಸೇರಿ ಚೈತನ್ಯಾಳನ್ನು. "ಫೈನ್. ನೆಕ್ಸ್ಟ್ ಟೈಮ್ ಐ'ಲ್ ಲೈ ಲೈಕ್ ಎವ್ರಿವನ್ ಎಲ್ಸ್," ಎಂದು ಅವಳು ಬಾಗಿಲು ಹಾಕಿಕೊಂಡಳು. ಅಪ್ಪ ಹೊಸ ದಿನ ಕೇಳುವ ಮಾತೇ ಎತ್ತಲಿಲ್ಲ. ಮನೆಯಲ್ಲಿ ಇಷ್ಟು ರಗಳೆ ಇರುವಾಗ ಅದು ಬೇರೆ ಯಾಕೆ ಎಂದರು. ಆರು ವಾರದ ಗಡುವು ಮುಗಿದಾಗಿತ್ತು.

ನಾನು ಅಡುಗೆಮನೆಯಲ್ಲಿ ಇಂಗಿನ ಡಬ್ಬಿ ಎತ್ತಿ ಮಡಚಿಟ್ಟ ಹಾಳೆ ಬಿಡಿಸಿದೆ. ಬೀಜದ ಸಾಲು ಕೊನೆಯಿಂದ ಮೂರನೆಯದು. ಓದಿ ಮುಗಿಸಲು ಆ ದಿನ ಇನ್ನು ಅರ್ಧ ನಿಮಿಷ ಸಾಕಾಗಿತ್ತು. ಆದರೆ ಓದಿದ್ದರೂ ಅತ್ತೆ ಒಪ್ಪುತ್ತಿದ್ದರೇ? ಆ ಪಟ್ಟಿ ನಮಗಾಗಿ ಬರೆದದ್ದಲ್ಲ. ಕೋಳಿ ನೀರು ಬೇಡ ಎಂದರೆ ಅದರ ಬದಲು ಏನು ಎಂದು ಯಾರೂ ಕೇಳಿರಲಿಲ್ಲ.

ಅಪರಿಚಿತರಿಗೆ ಫೋನ್ ಮಾಡುವುದೆಂದರೆ ನನಗೆ ಮೊದಲಿನಿಂದಲೂ ಕಷ್ಟ. ಪಿಜ್ಜಾ ತರಿಸುವುದಕ್ಕೂ ಚೈತನ್ಯಾಳ ಕೈಗೆ ಫೋನ್ ಕೊಡುತ್ತಿದ್ದೆ. ಕೇಳಬೇಕಾದ್ದನ್ನೆಲ್ಲ ಮೊದಲು ಬರೆದುಕೊಂಡೆ. ಲೈಬ್ರರಿಗೆ ಹೋಗುವ ಮುನ್ನ ಹಾಳೆಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಡೆನೀಸ್ ಎಂಬ ನರ್ಸ್ ಸಿಕ್ಕಳು. ಬೀಜದ ಮನೆಯವರು ಎಂದೊಡನೆ ಗುರುತು ಹಿಡಿದು ಜೋರಾಗಿ ನಕ್ಕಳು. ನಂತರ, ಹೇಳು ಡಿಯರ್, ಏನೇನು ಕುಡೀತೀರಿ ನೀವು, ಒಂದೊಂದೇ ಹೇಳು ಎಂದಳು.

ಒಂದೊಂದೇ ಹೇಳಿದೆ. ತೊಗರಿಬೇಳೆ ಬೇಯಿಸಿದ ನೀರನ್ನು ಬಟ್ಟೆಯಲ್ಲಿ ಎರಡು ಸಲ ಸೋಸಿದರೆ? ಲೋಟದ ಆಚೆ ಪೇಪರಿನ ಅಕ್ಷರ ಕಾಣಬೇಕು, ಕಂಡರೆ ಸರಿ. ಅದಕ್ಕೆ ಒಗ್ಗರಣೆ? ಅದೇನು ಎಂದು ಕೇಳಿದಳು. ಸಾಸಿವೆ ಎಂದೆ. ಓ ನೋ ಡಿಯರ್, ಸಾಸಿವೆಯೂ ಬೀಜವೇ ತಾನೆ ಎಂದಳು. ಮಜ್ಜಿಗೆ ಬೇಡ. ಹಾಲಿಲ್ಲದ ಕಾಫಿ ಆಗಬಹುದು. ಎಳನೀರು ಆಗಬಹುದು, ಒಳಗಿನ ಗಂಜಿ ಬೇಡ. ನಿಂಬೆರಸ ಸೋಸಿ ಹಾಕಬಹುದು. ಹಿಂದಿನ ಒಂದು ವಾರ ಎಳ್ಳು, ಗಸಗಸೆ, ಜೀರಿಗೆ, ಸೌತೆ, ಟೊಮೆಟೊ ಇಲ್ಲ. ಇಪ್ಪತ್ತು ನಿಮಿಷ ಮಾತಾಡಿದೆ. ಕೊನೆಯಲ್ಲಿ ಅವಳೇ ಕೇಳಿದಳು: ಮತ್ತೆ ಯಾವಾಗ ಬರ್ತಾರೆ ನಿಮ್ಮಪ್ಪ? ಅಪ್ಪನನ್ನು ಕೇಳದೆಯೇ ಸೆಪ್ಟೆಂಬರ್ ಹನ್ನೊಂದು ಎಂದುಬಿಟ್ಟೆ.

ಸಂಜೆ ಲೈಬ್ರರಿಯಿಂದ ಬಂದು ಕೂತು ಅದನ್ನೆಲ್ಲ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದೆ. ದಿನದ ಲೆಕ್ಕ, ಗಂಟೆಯ ಲೆಕ್ಕ, ಕೊಡುವುದು, ಕೊಡಬಾರದ್ದು. ಅತ್ತೆಯ ಕೋಣೆಗೆ ಹೋದಾಗ ಅವರು ಮಂಚದ ತುದಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು.

"ಅತ್ತೆ, ಆವತ್ತು ನಾನು ಪೂರ್ತಿ ಓದಲಿಲ್ಲ. ಬೀಜದ ವಿಷಯ ಕೊನೇಲಿತ್ತು. ತಪ್ಪು ನಂದೂ ಇದೆ."

"ನಾನು ಓದೋಕೆ ಬಿಟ್ನಾ?" ಅವರು ಕೈ ಚಾಚಿದರು. "ಕೊಡು ಇಲ್ಲಿ."

ಬೆರಳಿಟ್ಟು ಓದಿದರು. "ಬೇಳೆಕಟ್ಟು ಎರಡು ಸಲ ಸೋಸಬೇಕಾ?"

"ಹ್ಞೂಂ. ಆಚೆ ಅಕ್ಷರ ಕಾಣಬೇಕಂತೆ."

"ಒಗ್ಗರಣೆ ಇಲ್ಲದೆ ಹೇಗೆ ಕುಡೀತಾನೆ? ತುಪ್ಪದಲ್ಲಿ ಇಂಗು ಕಾಯಿಸಿ ಹಾಕಿದ್ರೆ?"

"ತುಪ್ಪ ಬೇಡ ಅತ್ತೆ."

"ಬಿಸಿನೀರಲ್ಲಿ ಉಪ್ಪು, ಇಂಗು ಕದಡಿ ಹಾಕ್ತೀನಿ. ಅದಕ್ಕೆ ಬೀಜ ಇಲ್ಲ ತಾನೆ?" ನನ್ನ ಮುಖ ನೋಡಿದರು. "ಇದನ್ನೆಲ್ಲ ನೀನು ಫೋನಿನಲ್ಲಿ ಕೇಳಿದ್ಯಾ? ಬಾಯೇ ಬಿಡದ ಹುಡುಗಿ?"

"ಹ್ಞೂಂ."

"ಹನ್ನೊಂದನೇ ತಾರೀಖು ಅಂತ ಬರೆದಿದೀಯ. ನಿಮ್ಮಪ್ಪನಿಗೆ ಗೊತ್ತಾ?"

"ಇಲ್ಲ."

ಅತ್ತೆ ಬತ್ತಿಯ ಡಬ್ಬಿ ಮುಚ್ಚಿದರು. ಮೂರು ದಿನದ ಮೇಲೆ ಮೊದಲ ಸಲ ತಾವಾಗಿ ಕೆಳಗಿಳಿದರು. ಅಪ್ಪ ಟೀವಿ ಮುಂದೆ ಕೂತಿದ್ದರು. ಅತ್ತೆ ಹೋಗಿ ಟೀವಿಗೆ ಅಡ್ಡ ನಿಂತರು.

"ಶೇಷೂ, ಹನ್ನೊಂದಕ್ಕೆ ಹೋಗ್ತೀಯೋ ಇಲ್ವೋ?"

"ಏನಕ್ಕ ಹನ್ನೊಂದು?"

"ನನ್ನ ಹೆಸರು ಹೇಳ್ಕೊಂಡು ತಪ್ಪಿಸ್ಕೊಂಡಿದ್ದು ಸಾಕು. ನಾನು ನೊಂದ್ಕೋತೀನಿ ಅಂತ ಹೇಳಲಿಲ್ವಂತೆ! ನಿಂಗೇನಾದ್ರೂ ಆದ್ರೆ ನಾನು ಹಬ್ಬ ಮಾಡ್ತೀನಾ?"

"ಅಕ್ಕ, ಹಾಗಲ್ಲ..."

"ಹೆದರಿಕೆಯೇನೋ?"

ಅಪ್ಪ ರಿಮೋಟನ್ನು ಕೈಯಲ್ಲಿ ತಿರುಗಿಸಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು.

"ಹ್ಞೂಂ," ಎಂದರು ಅಪ್ಪ. "ಹೆದರಿಕೆ. ಈ ಸಲ ಏನಾದ್ರೂ ಇದೆ ಅಂದುಬಿಟ್ರೆ?"

"ಇದ್ರೆ ನೋಡದೇ ಇದ್ರೂ ಇರುತ್ತೆ ರೀ," ಎಂದಳು ಅಮ್ಮ. ಇಷ್ಟು ದಿನದಲ್ಲಿ ಅವಳು ಅಪ್ಪನೊಂದಿಗೆ ಮೆತ್ತಗೆ ಮಾತಾಡಿದ್ದು ಅದೇ ಮೊದಲು.

ಹಿಂದಿನ ಒಂದು ವಾರ ಮನೆಯಲ್ಲಿ ಸಾಸಿವೆ ಸಿಡಿಯಲಿಲ್ಲ. ಅತ್ತೆ ಬಾಳೆಕಾಯಿ, ಆಲೂಗಡ್ಡೆ, ಸಿಪ್ಪೆ, ಬೀಜ ತೆಗೆದ ಹೀರೇಕಾಯಿಯಲ್ಲಿ ಅಡುಗೆ ನಡೆಸಿದರು. ಚೈತನ್ಯಾ ಊಟದ ಮೇಜಿನಲ್ಲಿ ಪೊಲೀಸಿನ ಹಾಗೆ ತಟ್ಟೆ ತಪಾಸಣೆ ಮಾಡಿದಳು. "ಅತ್ತೆ, ಈ ಬ್ಲ್ಯಾಕ್ ಡಾಟ್ ಏನು?" "ಮೆಣಸಿನ ಪುಡಿ ಕಣೆ ಮಹಾತಾಯಿ. ಬೇಕಾದ್ರೆ ನಿನ್ನ ಡಾಕ್ಟರಿಗೆ ಫೋನ್ ಮಾಡು." ಹತ್ತನೇ ತಾರೀಖು ಅಮ್ಮ ಪೂರ್ತಿ ರಜೆ ಹಾಕಿದಳು. ಅಮ್ಮನೂ ಅತ್ತೆಯೂ ಒಟ್ಟಿಗೆ ನಿಂತು ಅಮ್ಮನ ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಬೇಳೆಕಟ್ಟು ಸೋಸಿದರು. ಲೋಟದ ಹಿಂದೆ ಪೇಪರ್ ಹಿಡಿದು ಅತ್ತೆ ಅಕ್ಷರ ಕೂಡಿಸಿ ಓದಿದರು: "ಸೇ... ಲ್." ಹತ್ತು ನಿಮಿಷಕ್ಕೊಮ್ಮೆ ಅಮ್ಮ ಗಡಿಯಾರ ನೋಡಿ ಲೋಟ ಕೊಟ್ಟಳು. ಅಪ್ಪ ಹನ್ನೊಂದನೇ ಲೋಟದಲ್ಲಿ ಕೈ ಮುಗಿದರು.

"ಅಕ್ಕ, ಬಾಯಿ ರುಚಿಗೆ ಒಂದೇ ಒಂದು ಕೋಡುಬಳೆ."

"ರಾಜೀ, ಇವನ ಮಾತು ಕೇಳಿಸ್ತಾ?"

"ಇಲ್ಲವಲ್ಲ ಅಕ್ಕ."

"ನಂಗೂ ಇಲ್ಲ. ಕುಡಿಯೋ."

ಮರುದಿನ ಡಾಕ್ಟರ್ ವಿಟೇಕರ್ ಹೊರಗೆ ಬಂದು ಅಮ್ಮನ ಎದುರು ಕುರ್ಚಿ ಎಳೆದುಕೊಂಡು ಕೂತಾಗಲೇ ಏನೋ ಸಿಕ್ಕಿದೆ ಎಂದು ಗೊತ್ತಾಯಿತು. ಕರುಳು ಕನ್ನಡಿಯಂತೆ ಸ್ವಚ್ಛವಾಗಿತ್ತು ಎಂದರು. ಬಲಗಡೆ, ಹಳೆಯ ಗಾಯದ ಸ್ವಲ್ಪ ಆಚೆ ಒಂದು ಮಡಿಕೆಯ ಹಿಂದೆ ಇನ್ನೊಂದು ಪಾಲಿಪ್ ಇತ್ತು. ಚಪ್ಪಟೆಯಾದದ್ದು, ಸುಲಭಕ್ಕೆ ಕಾಣುವಂಥದ್ದಲ್ಲ. ಪೂರ್ತಿ ತೆಗೆದಿದ್ದಾರೆ, ಪರೀಕ್ಷೆಗೆ ಕಳಿಸಿದ್ದಾರೆ, ಒಂದು ವಾರ ಕಾಯಬೇಕು.

ಆ ವಾರ ಫೋನ್ ರಿಂಗಾದಾಗಲೆಲ್ಲ ಎಲ್ಲರೂ ತುತ್ತು ನಿಲ್ಲಿಸುತ್ತಿದ್ದೆವು. ಒಮ್ಮೆ ಕಾರ್ಪೆಟ್ ತೊಳೆಯುವವರು, ಒಮ್ಮೆ ಕನ್ನಡ ಕೂಟದ ದತ್ತಾತ್ರೇಯ ಅಂಕಲ್, ಗಣೇಶನ ಹಬ್ಬದ ಪಾಟ್‌ಲಕ್ ಊಟಕ್ಕೆ ಏನು ಮಾಡಿ ತರ್ತೀರಿ ಎಂದು ಕೇಳಲು. ಚೈತನ್ಯಾ ಯಾರೂ ಹೇಳದೆಯೇ ಪಾತ್ರೆ ತೊಳೆದಿಟ್ಟಳು. ಅಮ್ಮ ಒಂದು ಸಂಜೆ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅತ್ತೆ ಅದಕ್ಕೆ ಇನ್ನಷ್ಟು ಬೇಳೆಕಟ್ಟು ಬೆರೆಸಿದರು.

ಗುರುವಾರ ಸಂಜೆ ಐದಕ್ಕೆ ಡಾಕ್ಟರರೇ ಫೋನ್ ಮಾಡಿದರು. ಅಪ್ಪ ನಿಂತೇ ಕೇಳಿಸಿಕೊಂಡರು. ಬರೆದುಕೊಳ್ಳಲು ಹೊರಟು, ಬರೆಯದೆ, ಪೆನ್ನಿನ ಮುಚ್ಚಳ ಮಾತ್ರ ಹಾಕಿ ತೆಗೆದು ಮಾಡಿದರು.

"ಕ್ಯಾನ್ಸರ್ ಅಲ್ಲ," ಎಂದರು ಫೋನ್ ಇಟ್ಟು. ಕುರ್ಚಿ ಹಿಡಿದು ಕೂತರು. "ಆದ್ರೆ ಮೊದಲಿಂದಕ್ಕಿಂತ ಮುಂದುವರಿದಿತ್ತಂತೆ. ಇನ್ನೆರಡು ಮೂರು ವರ್ಷ ಬಿಟ್ಟಿದ್ರೆ ಈ ಮಾತು ಹೇಳೋಕಾಗ್ತಿರಲಿಲ್ಲ ಅಂದ್ರು. ಪೂರ್ತಿ ಬಂದಿದೆ. ಬರೋ ವರ್ಷ ಇದೇ ಹೊತ್ತಿಗೆ ಮತ್ತೆ ನೋಡಬೇಕು."

ಅಮ್ಮ ಎದ್ದು ಹೋಗಿ ಕ್ಯಾಲೆಂಡರಿನ ಹಿಂದಿನ ಹಾಳೆಯಲ್ಲಿ ತೊಂಬತ್ತೆಂಟು ಸೆಪ್ಟೆಂಬರ್ ಎಂದು ಬರೆದಳು. ಅಲ್ಲೇ ಫ್ರಿಜ್ಜಿಗೆ ಹಣೆ ಒತ್ತಿ ಸ್ವಲ್ಪ ಹೊತ್ತು ನಿಂತಳು. ಚೈತನ್ಯಾ ಹಿಂದಿನಿಂದ ಹೋಗಿ ತಬ್ಬಿಕೊಂಡಳು.

ಊಟಕ್ಕೆ ಕೂತಾಗ ಅಮ್ಮ ಕೇಳಿದಳು: "ಇನ್ನೇನೋ ಹೇಳ್ತಿದ್ರು ಡಾಕ್ಟರು. ಎಸ್, ಒನ್ ಸಿಸ್ಟರ್ ಅಂದ್ರಲ್ಲ ನೀವು ಫೋನಿನಲ್ಲಿ?"

ಅಪ್ಪ ತಟ್ಟೆ ನೋಡಿದರು. "ಅದೇನಿಲ್ಲ."

"ರೀ."

ಅಪ್ಪ ಮತ್ತೆ ಮುಚ್ಚಿಡಲು ಹೊರಟಿದ್ದಾರೆ ಎಂದು ಗೊತ್ತಾಗಿ ಅತ್ತೆಯೇ ಸೌಟು ಕೆಳಗಿಟ್ಟರು. "ಹೇಳೋ. ಸಿಸ್ಟರ್ ಅಂದ್ರೆ ನಾನೇ ಅಂತ ಅಷ್ಟೂ ತಿಳಿಯಲ್ವಾ?"

"ಒಡಹುಟ್ಟಿದವರೂ ಒಂದು ಸಲ ನೋಡಿಸಲಿ ಅಂದ್ರು ಅಕ್ಕ. ಒಂದೇ ಮನೆಯವರಲ್ಲಿ ಬರೋದು ಜಾಸ್ತಿಯಂತೆ. ಮಕ್ಕಳು ನಲವತ್ತಕ್ಕೆ ಶುರು ಮಾಡಿದ್ರೆ ಸಾಕು."

"ನಂಗಾ? ಚೆನ್ನಾಗಿ ಹೇಳಿದ್ರು! ಅರವತ್ತಮೂರು ವರ್ಷಕ್ಕೆ ಒಂದು ದಿನ ಹೊಟ್ಟೆನೋವು ಅಂದಿಲ್ಲ. ಅಲ್ಲಿಗೆಲ್ಲ ಪೈಪ್ ಹಾಕೋದು ಅಂದ್ರೆ... ಛೀ! ಗಂಡಸರು ಡಾಕ್ಟರು ಬೇರೆ. ಮೈಸೂರಿನಲ್ಲಿ ನಾಲ್ಕು ಜನಕ್ಕೆ ಗೊತ್ತಾದ್ರೆ?"

"ಶೇಷೂಗೂ ಒಂದು ದಿನ ನೋವು ಅಂತ ಇರಲಿಲ್ಲ ಅಕ್ಕ," ಎಂದಳು ಅಮ್ಮ. ಗಂಡನ ಹೆಸರು ಹಿಡಿದು ಅವಳು ಹಾಗೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅತ್ತೆ ಸೌಟು ಎತ್ತಿಕೊಂಡರು. "ಬಡಿಸ್ಕೊಳ್ಳಿ, ಆರಿಹೋಗುತ್ತೆ," ಎಂದರು.

ಅದರ ಮೇಲೆ ಆ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅಮ್ಮ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಈ ಪರೀಕ್ಷೆ ಮಾಡುವ ಲೇಡಿ ಡಾಕ್ಟರ್ ಇದ್ದಾರೆಂದು ಯಾರಿಂದಲೋ ವಿಚಾರಿಸಿ, ಹೆಸರನ್ನು ಚೀಟಿಯಲ್ಲಿ ಬರೆದು ಅತ್ತೆಯ ಪಾಸ್‌ಪೋರ್ಟಿನೊಳಗೆ ಇಟ್ಟಳು. ಅತ್ತೆ ಅದನ್ನು ನೋಡಿದರು, ತೆಗೆಯಲಿಲ್ಲ.

ಅಕ್ಟೋಬರ್ ಎರಡನೇ ವಾರ ಪೆಟ್ಟಿಗೆ ಕಟ್ಟುವ ದಿನ ಬಂತು. ಅಪ್ಪ ಬಾತ್‌ರೂಮಿನ ತೂಕದ ಯಂತ್ರ ತಂದು ಹಾಲಿನಲ್ಲಿಟ್ಟಿದ್ದರು. ಬಾದಾಮಿ, ಶ್ಯಾಂಪೂ, ಮೊಮ್ಮಕ್ಕಳ ಸ್ವೆಟರು. ಒಂದು ಪೆಟ್ಟಿಗೆ ನಾಲ್ಕು ಪೌಂಡ್ ಹೆಚ್ಚಾಗಿ, ಏನು ತೆಗೆಯುವುದೆಂದು ಅಪ್ಪನಿಗೂ ಅಮ್ಮನಿಗೂ ವಾದ ನಡೆದಿತ್ತು. ಅತ್ತೆ ನನ್ನ ಭುಜ ತಟ್ಟಿ ಊಟದ ಮೇಜಿಗೆ ಕರೆದರು.

"ಪೆನ್ನು ತಗೊಂಡು ಬಾ. ಆವತ್ತು ಬರೆದ್ಯಲ್ಲ, ಅಂಥದ್ದೇ ಇನ್ನೊಂದು ಬರಿ. ಮೇಲೆ ನನ್ನ ಹೆಸರು ಹಾಕು."

ನಾನು ಕೂತೆ. ಕಾತ್ಯಾಯಿನಮ್ಮ ಎಂದು ಮೇಲೆ ಬರೆದೆ.

"ಮೈಥಿಲಿಗೆ ಅರ್ಥ ಆಗೋ ಹಾಗಿರಲಿ," ಎಂದರು. ಮೈಥಿಲಿ ಮೈಸೂರಿನಲ್ಲಿರುವ ಅವರ ಸೊಸೆ. "ಅವಳು ನನ್ನ ಎದುರು ಒಂದು ಮಾತು ಆಡಲ್ಲ. ನಾನು ಎಳ್ಳು ಹಾಕು ಅಂದ್ರೆ ಹಾಕ್ತಾಳೆ, ಬೀಜ ನೆನೆಸು ಅಂದ್ರೆ ನೆನೆಸ್ತಾಳೆ. ಹಸಿವಾದಾಗ ನಾನು ಏನೇನು ಹೇಳ್ತೀನೋ ಯಾರಿಗೆ ಗೊತ್ತು."

"ಅದಕ್ಕೆ ಏನು ಬರೀಲಿ ಅತ್ತೆ?"

ಅವರು ಕುರ್ಚಿ ಹತ್ತಿರ ಎಳೆದುಕೊಂಡು, ಹಾಳೆಯ ಎಲ್ಲಕ್ಕಿಂತ ಮೇಲೆ, ತಮ್ಮ ಹೆಸರಿನ ಪಕ್ಕದಲ್ಲೇ ಬೆರಳಿಟ್ಟರು. "ಕೊನೇಲಿ ಬೇಡ, ಇಲ್ಲೇ ಬರಿ. ದಪ್ಪ ಅಕ್ಷರದಲ್ಲಿ. ಮೈಥಿಲಿ, ನಿಮ್ಮತ್ತೆ ಬೈದರೂ ಇದನ್ನ ಪೂರ್ತಿ ಓದಿ ಹೇಳು."